ಸಂಗವ್ವನ ನಾಲಿಗೆ ಮತ್ತು ಐದನೆಯ ಪೀಪಾಯಿ

ಸಂಗವ್ವ ಕುಡಿಯುತ್ತಾಳೆ ಎಂದು ಇಳಕಲ್ಲಿನಲ್ಲಿ ನಂಬಿದ್ದವರ ಪೈಕಿ ಈ ಬರಹಗಾರನೂ ಒಬ್ಬ. ನಂಬದೆ ಮಾಡುವುದಾದರೂ ಏನು? ಪ್ರತಿ ಶನಿವಾರ ಮಧ್ಯಾಹ್ನ ಹುನಗುಂದದ ಕಡೆಯ ಬಸ್ಸಿನಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿಯುತ್ತಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ತುಟಿ ಮಾತ್ರ ನೇರಳೆ ಹಣ್ಣಿನ ಬಣ್ಣ, ನಾಲಿಗೆ ಅದಕ್ಕಿಂತ ಒಂದು ಕೈ ಹೆಚ್ಚು, ಸೆರಗಿನಿಂದ ಹುಳಿ ವಾಸನೆ. ಒಂದು ಶನಿವಾರ ಆಕೆ ಬಸ್ಸಿನಲ್ಲಿ ಪಕ್ಕಕ್ಕೇ ಬಂದು ಕೂತಾಗ ಈ ಬರಹಗಾರ ಮೂಗಿಗೆ ಕರವಸ್ತ್ರ ಹಿಡಿದು, ಕಂಡಕ್ಟರನಿಗೂ ಕೇಳಲೆಂದು ದನಿ ಏರಿಸಿ, ಕುಡಿತ ಎಂಥ ಮನೆತನಗಳನ್ನು ಮುಳುಗಿಸಿದೆ ಎಂಬ ಬಗ್ಗೆ ಹುನಗುಂದ ದಾಟುವವರೆಗೂ ಮಾತಾಡಿದ. ಸಂಗವ್ವ ಪೂರಾ ಕೇಳಿದಳು. ಕೊನೆಗೆ ಬಹಳ ಕನಿಕರದಿಂದ, "ಖರೆ ಐತ್ರಿ. ನಿಮ್ಮ ಮನ್ಯಾಗ ಯಾರ್ರಿ ಕುಡಿಯೋದು?" ಎಂದು ವಿಚಾರಿಸಿದಳು.

ಆಕೆಯ ಗಂಟಲಿನಿಂದ ಒಂದು ಹನಿಯೂ ಕೆಳಗಿಳಿದಿಲ್ಲ ಎಂಬುದು ತಿಳಿದದ್ದು ಎಷ್ಟೋ ದಿನದ ಮೇಲೆ, ಶಂಕ್ರಪ್ಪನವರ ಬಾಯಿಂದ. ಹಾಗಾಗಿ ಮೊದಲು ಶಂಕ್ರಪ್ಪನವರ ವಿಷಯ.

ಶಂಕ್ರಪ್ಪನವರು ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ರೈತರಿಗೆ ಏನು ಬಿತ್ತಬೇಕೆಂದು ಹೇಳಿ, ಅವರು ಅದನ್ನು ಬಿತ್ತದೆ ಸುಖವಾಗಿದ್ದದ್ದನ್ನು ಕಣ್ಣಾರೆ ಕಂಡು, ೧೯೭೫ರಲ್ಲಿ ನಿವೃತ್ತರಾದವರು. ಹುನಗುಂದದಿಂದ ಅಮೀನಗಡಕ್ಕೆ ಹೋಗುವ ರಸ್ತೆಯಲ್ಲಿ ಅವರದು ಎಂಟು ಎಕರೆ ಹೊಲ, ಒಂದು ಬಾವಿ. ಇನ್ನು ಬೇರೆಯವರಿಗೆ ಹೇಳುವ ಅಧಿಕಾರ ಇರಲಿಲ್ಲವಾದ್ದರಿಂದ ತಮಗೆ ತಾವೇ ಹೇಳಿಕೊಂಡು ಎರಡು ಎಕರೆ ದ್ರಾಕ್ಷಿ ಹಚ್ಚಿದರು. ಅದೂ ಸುತ್ತಲಿನವರು ಬೆಳೆಯುವ ಬಿಳಿ ದ್ರಾಕ್ಷಿಯಲ್ಲ. "ಅದನ್ನ ಯಾರರ ಬೆಳೀತಾರ" ಎಂಬುದು ಅವರ ಅಭಿಪ್ರಾಯ. ಯಾರೂ ಬೆಳೆಯದ ಕೆಂಪು ತಳಿ ತರಬೇಕು, ಅದರಿಂದ ವೈನು ತೆಗೆಯಬೇಕು, ಅದನ್ನು ಲೋಕ ಕುಡಿದು ಹುನಗುಂದ ಎಲ್ಲಿದೆ ಎಂದು ಕೇಳಬೇಕು.

ಬಳ್ಳಿಗಳು ಒಂದೊಂದು ದಿಕ್ಕಿನಿಂದ ಬಂದವು. ನಾಸಿಕದ ಕಡೆಯಿಂದ ಬಂದದ್ದರ ಹೆಸರಿನ ಚೀಟಿಯನ್ನು ಗೆದ್ದಲು ತಿಂದಿತ್ತು. ಶಂಕ್ರಪ್ಪನವರು ಅದಕ್ಕೆ 'ಪುಲಕೇಶಿ' ಎಂದು ನಾಮಕರಣ ಮಾಡಿದರು. ಗೋವೆಯ ಪಾದ್ರಿಯೊಬ್ಬರ ಹಿತ್ತಲಿನದು 'ಮಂಗಳೇಶ'ನಾಯಿತು. ಹೀಗೆ ನಾಲ್ಕು ಸಾಲಿನಲ್ಲಿ ಚಾಲುಕ್ಯರ ವಂಶವೇ ಚಪ್ಪರಕ್ಕೆ ಹಬ್ಬಿತು. ಐದನೆಯದು ಬಾದಾಮಿಯಲ್ಲಿ ಟಾಂಗಾ ಹೊಡೆಯುವ ಚಮನಸಾಬನ ಹಿತ್ತಲಿನ ಕಡ್ಡಿ. ಅಲ್ಲಿ ಆ ಬಳ್ಳಿ ಮೂರು ತಲೆಮಾರಿನಿಂದ ಕುದುರೆಗೆ ನೆರಳು ಕೊಟ್ಟುಕೊಂಡಿತ್ತು. ಹಣ್ಣು ಕಡಲೆಕಾಳಿನಷ್ಟು, ಸಿಪ್ಪೆ ಚಪ್ಪಲಿಯಷ್ಟು ದಪ್ಪ, ಬಣ್ಣ ಕಾಡಿಗೆ. ಗಿಳಿಗಳು ಒಂದು ಕಾಳು ಕಚ್ಚಿ ನೋಡಿ ಪಕ್ಕದ ಹಿತ್ತಲಿಗೆ ಹೋಗುತ್ತಿದ್ದವು. "ಸಾಹೇಬ್ರ, ಇದನ್ನ ನಮ್ಮ ಕುದರೀನೂ ತಿನ್ನಂಗಿಲ್ಲ," ಎಂದು ಚಮನಸಾಬ ಪ್ರಾಮಾಣಿಕವಾಗಿ ಹೇಳಿಯೇ ಕಡ್ಡಿ ಕೊಟ್ಟಿದ್ದ. ಅದಕ್ಕೆ ರಾಜನ ಹೆಸರು ಯಾಕೆ ದಂಡ ಮಾಡುವುದು? ಅದು ಬರಿಯ 'ಐದನೇದು' ಆಗಿ ಉಳಿಯಿತು.

ದನದ ಮನೆಯಿಂದ ದನಗಳನ್ನು ಹೊರಹಾಕಿ ಐದು ಮರದ ಪೀಪಾಯಿ ಇಟ್ಟರು. ಬಾಗಿಲ ಮೇಲೆ 'ಪ್ರಯೋಗಶಾಲೆ' ಎಂದು ಬರೆಸಿದರು. ಪರವಾನಗಿ ಕಾಗದಕ್ಕೆ ಕಟ್ಟು ಹಾಕಿಸಿ ಬಸವಣ್ಣನ ಫೋಟೋದ ಪಕ್ಕ ತೂಗುಹಾಕಲು ಹೋದಾಗ ಹೆಂಡತಿ ಗುರುಲಿಂಗವ್ವ ಅದನ್ನು ಕಿತ್ತು ಪ್ರಯೋಗಶಾಲೆಗೇ ಕಳಿಸಿದಳು.

೧೯೭೯ರ ಮೊದಲ ವೈನು ಪೂರ್ತಿ ಹುಳಿಯಾಯಿತು. ಹುಳಿಯಾಗಿದೆ ಎಂಬುದು ಶಂಕ್ರಪ್ಪನವರೊಬ್ಬರನ್ನು ಬಿಟ್ಟು ಎಲ್ಲರಿಗೂ ತಿಳಿಯಿತು. ಅವರ ರುಚಿ ನೋಡುವ ಕ್ರಮವೇ ಹಾಗಿತ್ತು: ಔಷಧದ ಚಮಚದಲ್ಲಿ ಒಂದು ಚಮಚ, ಕಣ್ಣು ಮುಚ್ಚಿ, ಮನಸ್ಸಿನಲ್ಲಿ ದೇವರ ಕ್ಷಮೆ ಕೇಳಿಕೊಂಡು, ನಾಲಿಗೆಗೆ ತಾಗದಂತೆ ನುಂಗಿಬಿಡುವುದು. ಆಮೇಲೆ "ಭಾಳ ಚಲೋ ಆಗೈತಿ" ಎನ್ನುವುದು. ಗೆಳೆಯರಿಗೆ ಹಂಚಿದ ಬಾಟಲಿಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಗುರುಲಿಂಗವ್ವ ಮಾತ್ರ, "ತಾಮ್ರದ ಕೊಡ ತಿಕ್ಕಾಕ ಹುಣಸಿಹಣ್ಣಿಗಿಂತ ಇದ ಬೇಷಿ ಐತ್ರಿ," ಎಂದು ಮೆಚ್ಚಿದಳು.

ದನದ ಮನೆಯೂ ಹೋಯಿತು, ವೈನೂ ಆಗಲಿಲ್ಲ ಎಂಬ ಸಿಟ್ಟಿನಲ್ಲಿದ್ದ ಹೆಂಡತಿಯನ್ನು ಸಮಾಧಾನ ಮಾಡಲು ಒಂದು ಸೀರೆ ತರಲೆಂದು ಅವರು ಇಳಕಲ್ಲಿಗೆ ಹೋದದ್ದು, ದಾರಿ ತಪ್ಪಿ ನೀಲಗಾರರ ಓಣಿಗೆ ಹೊಕ್ಕದ್ದು. ಹಿಂದೆ ಆ ಓಣಿಯಲ್ಲಿ ಮನೆಮನೆಗೂ ನೂಲಿಗೆ ನೀಲಿ ಬಣ್ಣ ಹಾಕುವ ಬಾನಿ ಇದ್ದವು, ನೆಲದಲ್ಲಿ ಕುತ್ತಿಗೆಯವರೆಗೆ ಹುಗಿದ ದೊಡ್ಡ ಮಣ್ಣಿನ ಪಾತ್ರೆಗಳು. ಮುಂಬಯಿಯಿಂದ ಬಣ್ಣದ ಪುಡಿ ಡಬ್ಬಿಯಲ್ಲಿ ಬರತೊಡಗಿದ ಮೇಲೆ ಒಂದೊಂದಾಗಿ ಮುಚ್ಚಿ, ಸಂಗವ್ವನದೊಂದು ಉಳಿದಿತ್ತು. ಶಂಕ್ರಪ್ಪನವರು ಇಣುಕಿದಾಗ ಆಕೆ ಬಾನಿಯ ಮುಚ್ಚಳ ನಾಲ್ಕು ಬೆರಳಗಲ ಸರಿಸಿ, ತೋರುಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, ಚಪ್ಪರಿಸಿ, ಪಕ್ಕದ ಬೂದಿಗುಂಡಿಗೆ ಉಗುಳಿ, ಥಟ್ಟನೆ ಮುಚ್ಚಳ ಎಳೆದಳು.

"ಸುಣ್ಣ ಸಾಲಂಗಿಲ್ಲ. ಬೆಲ್ಲಾನೂ ತಿಂದು ಮುಗಿಸೇತಿ. ಒಂದು ಮುಷ್ಟಿ ಹಾಕಿದ್ರ ನಾಳೆ ಮಧ್ಯಾನ ಎಚ್ಚರಾಕೈತಿ," ಎಂದು ತನಗೆ ತಾನೇ ಹೇಳಿಕೊಂಡಳು.

ಶಂಕ್ರಪ್ಪನವರು ಅಲ್ಲೇ ನಿಂತುಬಿಟ್ಟರು. ಪರದೇಶದ ಪುಸ್ತಕವೊಂದರಲ್ಲಿ ಕೋಟು ಹಾಕಿದ ಸಾಹೇಬರು ವೈನನ್ನು ಬಾಯಲ್ಲಿ ಆಡಿಸಿ ಬೋಗುಣಿಗೆ ಉಗುಳುವ ಚಿತ್ರ ನೋಡಿದ್ದರು. ಇಲ್ಲಿ ಕೋಟು ಒಂದಿರಲಿಲ್ಲ.

"ಇದನ್ನ ನುಂಗಂಗಿಲ್ಲೇನ್ರಿ?"

"ನುಂಗಾಕ ಇದೇನು ಪಾಯಸೇನ್ರಿ?"

"ನಿಮ್ಮ ನಾಲಿಗೀಗಿ ಬಾನ್ಯಾಗ ಏನು ನಡದೈತಿ ಅಂತ ಖರೇನ ತಿಳೀತೈತಿ?"

"ನಿಮಗ ಕಣ್ಣಿಗೆ ಕಾಣ್ತೈತಲ್ಲರಿ, ಹಂಗ."

ದ್ರಾಕ್ಷಿಯ ರಸವೂ ಬಾನಿಯ ಹಾಗೆಯೇ ಹುದುಗುತ್ತದೆ, ಕೊತಕೊತ ಅನ್ನುತ್ತದೆ, ನಿದ್ದೆ ಹೋಗುತ್ತದೆ, ಕೆಡುತ್ತದೆ ಎಂದು ಶಂಕ್ರಪ್ಪನವರು ಅರ್ಧ ಗಂಟೆ ವಿವರಿಸಿದರು. ಸಂಗವ್ವ ಎಲ್ಲ ಕೇಳಿ, "ಶೆರಿ ಅನ್ರಲ್ಲ," ಎಂದಳು. "ದ್ರಾಕ್ಷಾರಸ" ಎಂದು ಅವರು ತಿದ್ದಿದರು. ನುಂಗುವುದಿಲ್ಲವಾದ್ದರಿಂದ ಹೆಸರು ಏನಾದರೂ ಇರಲಿ ಎಂದು ಒಪ್ಪಿಕೊಂಡು ಆಕೆ ಎರಡು ಕರಾರು ಹಾಕಿದಳು. ಒಂದು, ನೋಡಿ ಉಗುಳಿದ ಮೇಲೆ ಬಾಯಿ ಸ್ವಚ್ಛವಾಗಲು ಒಂದು ಕಪ್ಪು ಖಡಕ್ ಚಾ ಬೇಕು, ತಪ್ಪಿಸುವಂತಿಲ್ಲ. ಇನ್ನೊಂದು, ಬಾನಿಯ ಮುಂದೆ ನಿಂತು ಸುಳ್ಳು ಹೇಳು ಅನ್ನಬಾರದು. ನೀಲಗಾರರ ಮನೆಯಲ್ಲಿ ಅದು ಅತ್ತೆಯ ಅತ್ತೆಯ ಕಾಲದಿಂದ ಬಂದ ರೀತಿ. ಮನೆಯಲ್ಲಿ ಎಲ್ಲಿ ಬೇಕಾದರೂ ಸುಳ್ಳು ಹೇಳಬಹುದು, ಅಡುಗೆಮನೆಯಲ್ಲಂತೂ ಹೇಳಲೇಬೇಕು. ಆದರೆ ಬಾನಿಯ ಮುಂದೆ ಹೇಳಿದರೆ ಬಾನಿ ಸಾಯುತ್ತದೆ.

"ನಾ ಯಾಕ ಸುಳ್ಳು ಹೇಳಸಲಿ?" ಎಂದು ಶಂಕ್ರಪ್ಪನವರು ನಕ್ಕರು.

ಮುಂದಿನ ಬೆಳೆಯ ರಸ ಪೀಪಾಯಿಗೆ ಇಳಿದಂದಿನಿಂದ ಶನಿವಾರದ ಪದ್ಧತಿ ಶುರುವಾಯಿತು. ಒಂಬತ್ತಕ್ಕೆ ಬಸ್ಸಿಳಿದು ಸಂಗವ್ವ ಬರುವಳು. ಶಂಕ್ರಪ್ಪನವರು ಟೋಪಿ ಹಾಕಿಕೊಂಡು, ದಪ್ಪ ನೋಟುಬುಕ್ಕು ಹಿಡಿದು ಹಿಂದೆ ಹಿಂದೆ ಬರುವರು. ಆಕೆ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು ಅವರ ಘನತೆಗೆ ಒಗ್ಗುತ್ತಿರಲಿಲ್ಲ.

"ಇದು ಕಚ್ಚಾ ಬಣ್ಣರಿ. ಬಾಯಾಗ ಇಟ್ಟಾಗ ಝಗಝಗ ಅಂತೈತಿ, ಒಂದ ಒಗೆತಕ್ಕ ಹೋಗಿಬಿಡತೈತಿ," ಎಂದು ಆಕೆ ಮಂಗಳೇಶನ ಬಗ್ಗೆ ಹೇಳಿದರೆ, 'ಆರಂಭ ಉಜ್ವಲ, ಅಂತ್ಯ ಕ್ಷಣಿಕ' ಎಂದು ನೋಟುಬುಕ್ಕಿನಲ್ಲಿ ಬೀಳುತ್ತಿತ್ತು. ಐದನೇದನ್ನು ನೋಡಿ, "ಈಗ ಒಗರ ಒಗರು ಐತಿ, ಖರೆ ಇದು ಪಕ್ಕಾ. ಹತ್ತು ಒಗೆತ ತಡೀತೈತಿ. ಇದನ್ನ ಬೆಚ್ಚಗ ಮುಚ್ಚಿ ಇಟ್ಟಬಿಡ್ರಿ, ಮುಟ್ಟಬ್ಯಾಡ್ರಿ," ಎಂದಾಗ ಶಂಕ್ರಪ್ಪನವರು 'ಒಗರು' ಎಂದಷ್ಟೇ ಬರೆದು ಪುಟ ತಿರುಗಿಸಿದರು. ಸಂಗವ್ವ ತಾನೇ ಕುರುಬರ ಅಮಸಿದ್ದಪ್ಪನ ಹತ್ತಿರ ಒಂದು ಹಳೆಯ ಕಂಬಳಿ ಕೇಳಿ ತಂದು ಐದನೆಯ ಪೀಪಾಯಿಗೆ ಸುತ್ತಿ, ಬಿರಡೆಯ ಸುತ್ತ ಜೇನುಮೇಣ ಮೆತ್ತಿದಳು.

ಹೋಗುವಾಗ ಪ್ರತಿ ವಾರವೂ ಒಂದೇ ಮಾತು: "ಸಾಹೇಬ್ರ, ಬಾನಿಗಿ ಗಾಳಿ ಅಂದ್ರ ವೈರಿ. ಸುಮ್ಮಸುಮ್ಮನ ಬಾಯಿ ತಗೀಬ್ಯಾಡ್ರಿ."

ಅದು ಪೀಪಾಯಿಯ ಬಾಯಿಯ ಬಗ್ಗೆ ಹೇಳಿದ ಮಾತು. ಶಂಕ್ರಪ್ಪನವರಿಂದ ಎರಡೂ ಬಾಯಿ ಮುಚ್ಚಿಡುವುದು ಆಗುತ್ತಿರಲಿಲ್ಲ. ಹೆಡ್‌ಮಾಸ್ತರರು ಬಂದರೆ ಪುಲಕೇಶಿಯ ಬಿರಡೆ ತೆಗೆದು ಒಂದು ಉಪನ್ಯಾಸ. ಬೀಗರು ಬಂದರೆ ಇನ್ನೊಂದು. ಬಾವಿಯ ಪಂಪು ರಿಪೇರಿಗೆ ಬಂದವನಿಗೂ ಪುಲಕೇಶಿಯ ಸುವಾಸನೆ ತೋರಿಸಿದರು. ಬಂದವರು ಯಾರೂ ಕುಡಿಯುವವರಲ್ಲ. ಎಲ್ಲರೂ ಮೂಸಿ ನೋಡಿ, "ವ್ಹಾ" ಎಂದು ಚುರುಮುರಿ ತಿಂದು ಹೋಗುವರು. ಐದನೆಯದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಕಂಬಳಿ ಹೊದ್ದ ಪೀಪಾಯಿ ಪ್ರಯೋಗಶಾಲೆಗೆ ಶೋಭೆಯಲ್ಲವೆಂದು ಮೂಲೆಗೆ ತಳ್ಳಿದ್ದರು.

೧೯೮೧ರ ಮಳೆಗಾಲದಲ್ಲಿ ಸಂಗವ್ವನ ಮನೆಯ ಬಾನಿ ಸತ್ತಿತು. ಸುಳ್ಳಿನಿಂದಲ್ಲ, ನೂಲು ತರುವವರೇ ಇಲ್ಲದೆ. ಆಕೆ ಅದಕ್ಕೆ ಮಣ್ಣು ತುಂಬಿಸಿ ಮೇಲೆ ತುಳಸಿಯನ್ನೂ ಹಚ್ಚಲಿಲ್ಲ, ಸುಮ್ಮನೆ ಸಗಣಿ ಸಾರಿಸಿದಳು. ಮುಂದಿನ ಶನಿವಾರ ಬಂದಾಗ ಪೀಪಾಯಿಗಳ ಮುಂದೆ ಸ್ವಲ್ಪ ಹೊತ್ತು ಹೆಚ್ಚೇ ಕೂತಿದ್ದು, "ಇನ್ನ ನನ್ನ ನಾಲಿಗೀಗಿ ಇವ ಐದು ನೋಡ್ರಿ," ಎಂದಷ್ಟೇ ಹೇಳಿದಳು.

ಆ ಐದಕ್ಕೂ ಆಗ ಗಂಡಾಂತರ ಬಂದಿತ್ತು. ಗುರುಲಿಂಗವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಸಂಕ್ರಮಣದೊಳಗ ಒಂದ ಪೀಪಾಯರ ಮಾರಬೇಕು. ಇಲ್ಲಂದ್ರ ಬಳ್ಳಿ ಬುಡಸಹಿತ ಕಿತ್ತು ಉಳ್ಳಾಗಡ್ಡಿ ಹಚ್ಚತೇನಿ. ದನ ತಿರುಗಿ ದನದ ಮನೀಗೆ ಬರ್ತಾವ."

ಮಾರುವುದು ಯಾರಿಗೆ? ಕೊನೆಗೆ ಬಾಗಲಕೋಟೆಯ ರಾಚಪ್ಪನವರು ಸಿಕ್ಕರು. ಅರಳೆ ವ್ಯಾಪಾರದವರು, ಬಾದಾಮಿಯಲ್ಲಿ ಒಂದು ಹೋಟೆಲು ಕಟ್ಟಿಸುತ್ತಿದ್ದರು. ಗುಹೆ ನೋಡಲು ಬರುವ ಪರದೇಶಿಗಳಿಗೆ ಊಟದ ಜೊತೆ ನೀರು ಕೊಟ್ಟರೆ ಅನುಮಾನದಿಂದ ನೋಡುತ್ತಾರೆ, ವೈನು ಕೇಳುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಡಿಸೆಂಬರಿನ ಒಂದು ಶನಿವಾರ ಬಂದು ರುಚಿ ನೋಡುವುದಾಗಿ ಕಾಗದ ಬರೆದರು.

ಶಂಕ್ರಪ್ಪನವರು ಕಾಗದ ಬಂದ ದಿನವೇ ಬಾಗಲಕೋಟೆಯ ಪ್ರೆಸ್ಸಿನಲ್ಲಿ ಐದುನೂರು ಲೇಬಲ್ ಮಾಡಿಸಿದರು. ಎಲ್ಲದರ ಮೇಲೂ ಪುಲಕೇಶಿ, ಕಿರೀಟ, ಕತ್ತಿ.

ಆದರೆ ರಾಚಪ್ಪನವರು ಬರುವುದಕ್ಕೆ ಒಂದು ವಾರ ಮೊದಲಿನ ಶನಿವಾರ ಸಂಗವ್ವ ಪುಲಕೇಶಿಯನ್ನು ನಾಲಿಗೆಗೆ ಮುಟ್ಟಿಸಿದವಳೇ ಮುಖ ಹಿಂಡಿದಳು. "ಸಾಹೇಬ್ರ, ಇದು ಹೊಂಟೈತಿ. ದಿನಾ ತಗದೀರಿ. ಗಾಳಿ ಕುಡದೈತಿ."

"ಲೇಬಲ್ ಆಗ್ಯಾವಲ್ಲ ಸಂಗವ್ವ!"

"ಲೇಬಲ್ ಕುಡಸತೀರೇನು ಅವ್ರಿಗೆ?"

ಶಂಕ್ರಪ್ಪನವರು ಆ ವಾರ ನೋಟುಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ಆ ದಿನ ಬಂತು. ಪ್ರಯೋಗಶಾಲೆಗೆ ಸುಣ್ಣ ಹೊಡೆಸಿದ್ದರು. ಅಮೀನಗಡದ ಕರದಂಟು ತಾಟಿನಲ್ಲಿತ್ತು. ಚಾದ ವಾಸನೆ ಬಂದರೆ ಮೂಗು ಕೆಡುತ್ತದೆಂದು ಪುಸ್ತಕದಲ್ಲಿ ಓದಿದ್ದರಿಂದ, ಮನೆಯಲ್ಲಿ ಬೆಳಗಿನಿಂದ ಯಾರೂ ಚಾ ಕುದಿಸಕೂಡದೆಂದು ಹುಕುಂ ಆಗಿತ್ತು. ಒಂಬತ್ತಕ್ಕೆ ಬಂದ ಸಂಗವ್ವನಿಗೆ, "ಇವತ್ತ ನೀವು ಆ ಕಡೆ ಕಟ್ಟಿ ಮ್ಯಾಲ ಕೂಡ್ರಿ. ಮಾತಾಡಬ್ಯಾಡ್ರಿ," ಎಂದು ಶಂಕ್ರಪ್ಪನವರು ಕೈಮುಗಿಯುವಷ್ಟು ಮೆತ್ತಗೆ ಹೇಳಿದರು. ಆಕೆ ಬಾಗಿಲಾಚೆಯ ಕಟ್ಟೆಯ ಮೇಲೆ ಕೂತು ಅಡುಗೆಮನೆಯ ಕಡೆ ಎರಡು ಸಲ ನೋಡಿದಳು.

ರಾಚಪ್ಪನವರು ಅಂಬಾಸಡರಿನಿಂದ ಇಳಿದರು. ಬಿಳಿ ಧೋತರ, ಕರಿ ಕೋಟು, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಅವರೂ ಕುಡಿಯುವವರಲ್ಲ, ಆದರೆ ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ಎಂಟು ದಿನ ಇದ್ದು, ಪಕ್ಕದ ಟೇಬಲನ್ನು ಲಕ್ಷ್ಯ ಕೊಟ್ಟು ನೋಡಿದ್ದರು. ಪುಲಕೇಶಿಯ ಗ್ಲಾಸು ಹಿಡಿದು ಗರಗರ ತಿರುಗಿಸಿದರು. ಅರ್ಧ ಕೋಟಿನ ಮೇಲೆ ಬಿತ್ತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡರು. ನುಂಗಲು ಧರ್ಮ ಬಿಡದು, ಉಗುಳಲು ಮರ್ಯಾದೆ ಬಿಡದು. ಕೆನ್ನೆ ಉಬ್ಬಿಸಿಕೊಂಡು ಒಂದು ನಿಮಿಷ ನಿಂತರು. ಕಣ್ಣಲ್ಲಿ ನೀರು ಬಂತು. ಕೊನೆಗೆ ಕಿಟಕಿಯ ಹತ್ತಿರ ಹೋಗಿ ಹೊಲದ ಸೊಬಗು ನೋಡುವವರಂತೆ ಬಗ್ಗಿ, ತಿರುಗಿ ಬಂದು, "ವ್ಹಾ! ಏನ್ ಖಾರ, ಏನ್ ಗತ್ತು! ರಾಜಾನ ಶಂಕ್ರಪ್ಪನವರ, ರಾಜಾನ!" ಎಂದರು.

ಶಂಕ್ರಪ್ಪನವರ ಎದೆ ಟೋಪಿಯವರೆಗೆ ಬಂತು. ಬಾಗಿಲಲ್ಲಿ ನಿಂತಿದ್ದ ಗುರುಲಿಂಗವ್ವ ಸೆರಗು ಬಾಯಿಗೆ ಹಿಡಿದಳು. ಮಾತು ಮುಗಿಯಿತು, ಪೀಪಾಯಿ ಹೋಯಿತು, ಬಳ್ಳಿ ಉಳಿಯಿತು ಎಂದೇ ಇಬ್ಬರೂ ಅಂದುಕೊಂಡರು. ಅಷ್ಟರಲ್ಲಿ ರಾಚಪ್ಪನವರಿಗೆ ಕಟ್ಟೆಯ ಮೇಲಿನ ನೇರಳೆ ತುಟಿ ಕಂಡಿತು.

"ಈ ಯವ್ವ ಯಾರ್ರಿ?"

ಶಂಕ್ರಪ್ಪನವರು ಟೋಪಿ ಸರಿಮಾಡಿಕೊಂಡರು. "ಅಕಿ... ನಮ್ಮ ರುಚಿ ನೋಡಾಕಿ."

"ಬರ್ಲಿ, ಬರ್ಲಿ. ಅಕಿ ಬಾಯಿಂದನೂ ಒಂದು ಮಾತು ಕೇಳೂಣು."

ಸಂಗವ್ವ ಒಳಗೆ ಬಂದಳು. ಶಂಕ್ರಪ್ಪನವರು ರಾಚಪ್ಪನವರ ಬೆನ್ನಿನ ಹಿಂದೆ ನಿಂತು ಹುಬ್ಬು, ಟೋಪಿ, ನೋಟುಬುಕ್ಕು, ಇದ್ದಬಿದ್ದದ್ದೆಲ್ಲ ಉಪಯೋಗಿಸಿ ಬೇಡಿಕೊಂಡರು. ಸಂಗವ್ವ ಅವರನ್ನು ನೋಡಿದಳು, ಐದು ಪೀಪಾಯಿಗಳನ್ನು ನೋಡಿದಳು. ಆಕೆಗೂ ಗೊತ್ತಿತ್ತು, ಇವತ್ತು 'ಹೂಂ' ಎಂದರೆ ಐದೂ ಉಳಿಯುತ್ತವೆ, 'ಊಂಹೂಂ' ಎಂದರೆ ಉಳ್ಳಾಗಡ್ಡಿ.

"ಹೊರಗ ಹೋಗಿ ಹೇಳಲೇನ್ರಿ?" ಎಂದು ಕೇಳಿದಳು.

"ಯಾಕ? ಇಲ್ಲೇ ಹೇಳ ಯವ್ವಾ."

ಬೆರಳು ಅದ್ದಿದಳು, ನಾಲಿಗೆಗೆ ಮುಟ್ಟಿಸಿದಳು, ಹೊರಗೆ ಉಗುಳಿ ಬಂದಳು. "ಇದು ಸತ್ತೈತ್ರಿ. ನೀವು ಬಾದಾಮಿ ಮುಟ್ಟೂದರೊಳಗ ಉಪ್ಪಿನಕಾಯಿ ಹಾಕಾಕ ಬರ್ತೈತಿ."

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ರಾಚಪ್ಪನವರ ಮುಖ ಪುಲಕೇಶಿಗಿಂತ ಕೆಂಪಾಯಿತು. "ಅಂದ್ರ ನನಗ ತಿಳಿಯಂಗಿಲ್ಲ ಅಂತೇನು?"

"ನಿಮಗ ತಿಳಿದೈತಲ್ಲರಿ. ಕಣ್ಣಾಗ ನೀರು ಬಂದಿತ್ತು."

ಅರಳೆ ವ್ಯಾಪಾರಿ ಒಂದು ಗಳಿಗೆ ಆಕೆಯನ್ನೇ ನೋಡಿದರು. ಅವರ ಅಂಗಡಿಯಲ್ಲೂ ಹನಮಪ್ಪ ಎಂಬ ಮುದುಕನೊಬ್ಬನಿದ್ದ. ಅರಳೆಯ ಎಳೆ ಎರಡು ಬೆರಳಲ್ಲಿ ಎಳೆದು, ಮಾಲೀಕನ ಬೀಗನ ಮಾಲೇ ಆಗಿದ್ದರೂ, "ಇದು ಹಾಸಗಿಗೂ ಬ್ಯಾಡ" ಎಂದು ಒಗೆಯುವವನು. ಅವನ ಮೇಲೆ ಸಿಟ್ಟು ಬರುವುದು, ಅವನ ಮಾತಿನಂತೆ ನಡೆಯುವುದು ರಾಚಪ್ಪನವರಿಗೆ ಇಪ್ಪತ್ತು ವರ್ಷದ ರೂಢಿ.

"ಹಂಗಾರ ಯಾವುದು ಜೀವಂತ ಐತಿ?"

ಸಂಗವ್ವ ಮೂಲೆಗೆ ಹೋಗಿ ಕಂಬಳಿ ಬಿಚ್ಚಿದಳು. ಮೇಣ ಕಿತ್ತು, ಒಂದೇ ಒಂದು ಗುಟುಕು ಗ್ಲಾಸಿಗೆ ಬಿಟ್ಟು, ಮತ್ತೆ ಬಿರಡೆ ಒತ್ತಿದಳು. ರಾಚಪ್ಪನವರು ಈ ಸಲ ತಿರುಗಿಸುವ ಆಟ ಆಡಲಿಲ್ಲ. ಬಾಯಿಗೆ ಹಾಕಿಕೊಂಡು ನೆಟ್ಟಗೆ ಬಾಗಿಲಿಗೆ ಹೋಗಿ ಉಗುಳಿದರು.

"ಒಗರ ಐತಲ್ಲ ಯವ್ವಾ!"

"ಪಕ್ಕಾ ಬಣ್ಣ ಮೊದಲ ಹಂಗ ಹಿಡಿತೈತ್ರಿ. ತಡೀರಿ ಸ್ವಲ್ಪ."

ಕಾಯತೊಡಗಿದರು. ಸುಮ್ಮನೆ ಕೂಡಲಾರದೆ ರಾಚಪ್ಪನವರು ಹೋಟೆಲಿನ ಕಟ್ಟಡದ ಮಾತು ತೆಗೆದರು. ಕಲ್ಲು ಒಡೆಯುವವರ ತಕರಾರು, ಸಿಮೆಂಟು ಸಿಗದ ಕಷ್ಟ, ಇಂಜಿನಿಯರನ ಸೊಕ್ಕು. ಎರಡನೆಯ ಮಹಡಿಗೆ ಬಂದಾಗ ನಡುವೆಯೇ ಮಾತು ನಿಲ್ಲಿಸಿ ನಾಲಿಗೆಯನ್ನು ಒಳಗೆ ಅತ್ತಿತ್ತ ಆಡಿಸಿದರು.

"ಏನಲೇ ಇದು, ಇನ್ನೂ ಐತಿ!" ಸಾಹುಕಾರಿಕೆ ಮರೆತುಬಿಟ್ಟಿದ್ದರು. "ಈಗ ಬ್ಯಾರೇನ ಆಗೇತಿ. ನೇರಳಿಹಣ್ಣು... ಮಳಿ ಬಿದ್ದ ಎರಿ ಹೊಲ... ಶಂಕ್ರಪ್ಪನವರ, ಇದರ ಹೆಸರೇನು?"

ಶಂಕ್ರಪ್ಪನವರು ಬಾಯಿ ತೆರೆದರು, ಆದರೆ ರಾಜರೆಲ್ಲ ಖರ್ಚಾಗಿದ್ದರು. "ಚಮನಸಾಬನ ಕುದರಿ ನೆರಳಿನ ದ್ರಾಕ್ಷಿ," ಎಂದು ಸಂಗವ್ವನೇ ಹೇಳಿದಳು.

ರಾಚಪ್ಪನವರು ಆ ಪೀಪಾಯಿ ಪೂರ್ತಿ ತಮಗೆ ಎಂದರು. ಮುಂದಿನ ವರ್ಷದ್ದೂ ಎಂದರು. ಆದರೆ ಈ ಯವ್ವ ಉಗುಳಿ ಹೂಂ ಅಂದದ್ದನ್ನು ಮಾತ್ರ ಗಾಡಿಗೆ ಏರಿಸಬೇಕು, ಆಕೆ ಹೇಳಿದ ದಿನವಲ್ಲದೆ ಬಿರಡೆ ಯಾರೂ ಮುಟ್ಟಬಾರದು. 'ಯಾರೂ' ಎನ್ನುವಾಗ ಶಂಕ್ರಪ್ಪನವರ ಟೋಪಿಯನ್ನೇ ನೋಡಿದರು. ಬಾಗಿಲಿನಿಂದ ಗುರುಲಿಂಗವ್ವ ತೀರ್ಪು ಕೊಟ್ಟಳು: ಐದನೇದರ ಸಾಲು ಇರಲಿ, ಬೇಕಾದರೆ ಇನ್ನೆರಡು ಸಾಲು ಹಚ್ಚಲಿ, ಪುಲಕೇಶಿ ಇದ್ದಲ್ಲಿ ಮಾತ್ರ ಉಳ್ಳಾಗಡ್ಡಿಯೇ. ಐದುನೂರು ಲೇಬಲ್‌ಗಳನ್ನು ಹಪ್ಪಳದ ಡಬ್ಬಿಗೆ ಹಾಸಲು ಆಗಲೇ ಮನಸ್ಸಿನಲ್ಲಿ ಎತ್ತಿಟ್ಟಿದ್ದಳು. ಶಂಕ್ರಪ್ಪನವರು ಒಂದು ಸಾಮ್ರಾಜ್ಯ ಕಳೆದುಕೊಂಡು ಒಂದು ಬಳ್ಳಿ ಉಳಿಸಿಕೊಂಡ ಮುಖ ಮಾಡಿ, ನೋಟುಬುಕ್ಕು ತೆರೆದು, 'ಒಗರು' ಎಂದು ಬರೆದಿದ್ದ ಪುಟ ಹುಡುಕತೊಡಗಿದರು.

ಹೊರಡುವ ಮುಂದೆ ರಾಚಪ್ಪನವರಿಗೆ ಒಂದು ಆಸೆ ತಡೆಯಲಾಗಲಿಲ್ಲ. ಸಂಗವ್ವನ ಹತ್ತಿರ ಬಂದು ದನಿ ತಗ್ಗಿಸಿದರು. "ಕಡೀಕ ಒಂದ ಮಾತು ಹೇಳ ಯವ್ವಾ. ನಾಳೆ ದೇವ್ರು ಬಂದು, ಪಾಪ ಹತ್ತಂಗಿಲ್ಲ, ಉಗುಳಬ್ಯಾಡ, ಒಂದು ಗ್ಲಾಸು ಪೂರಾ ಕುಡಿ ಅಂತ ಅಂದ್ರ, ಇಷ್ಟರಾಗ ನೀ ಯಾವುದು ಕುಡೀತಿ?"

ಸಂಗವ್ವ ಐದು ಪೀಪಾಯಿಗಳನ್ನೂ ಒಂದೊಂದಾಗಿ ನೋಡಿದಳು. ಶಂಕ್ರಪ್ಪನವರು ಹೊಸ ಪುಟ ತಿರುಗಿಸಿ ಪೆನ್ನಿನ ಟೋಪಿ ತೆಗೆದರು.

"ಚಾ," ಎಂದಳು ಸಂಗವ್ವ. "ಮುಂಜಾನೆ ಒಂಬತ್ತಕ್ಕ ಬಂದೇನಿ. ಒಬ್ಬರರ ಕೇಳೀರೇನು?"